ಎರಡೂ ಬಾಣ ಮೇಲಕ್ಕೆ

ನೀರು ಸರಬರಾಜು ಕಚೇರಿಯ ಬಾಗಿಲು ತೆರೆಯುವ ಮೊದಲೇ ಜನ ಖಾಲಿ ಕೊಡ ಹಿಡಿದು ಹೊರಗೆ ನಿಂತಿದ್ದರು. ನಲ್ಲಿಯಲ್ಲಿ ನೀರು ಬಾರದಿರುವುದು ಹೊಸ ಸಂಗತಿಯಲ್ಲ. ಇವತ್ತಿನ ಸಿಟ್ಟಿಗೆ ಬೇರೆಯೇ ಕಾರಣವಿತ್ತು.

"ದೂರು ಕೊಡೋಣ ಅಂತ ಫೋನ್ ಮಾಡಿದ್ರೆ ನಿಮ್ಮ ಮಷಿನ್ನು ನಗುತ್ತಪ್ಪ," ಎಂದಳು ಮುಂದೆ ನಿಂತ ಅಜ್ಜಿ. "ಮನೇಲಿ ಹನಿ ನೀರಿಲ್ಲ. ಅದು 'ಸರಿಯಾಯ್ತಾ?' ಅಂತ ಕೇಳಿ ಕಿಸಕ್ಕನೆ ನಗುತ್ತೆ. ಹೌದು ಅಂತ ಒತ್ತಿದ್ರೆ ಮತ್ತೆ ಮೊದಲಿಂದ ನಮಸ್ಕಾರ ಅನ್ನುತ್ತೆ. ಇಲ್ಲ ಅಂತ ಒತ್ತಿದ್ರೂ ನಮಸ್ಕಾರ. ಇಷ್ಟು ನಮಸ್ಕಾರ ನನ್ನ ಸೊಸೆ ಕೂಡ ಮಾಡಿಲ್ಲ."

ಜನ ನಕ್ಕರು. ಕಿಟಕಿಯ ಹಿಂದೆ ಕೂತಿದ್ದ ಬಾಣಪ್ಪ ಮಾತ್ರ ನಗಲಿಲ್ಲ.

ಬಾಣಪ್ಪ ಆ ಕಚೇರಿಯ ಕಂಪ್ಯೂಟರಿನವನು. ಯಾವ ಪ್ರೋಗ್ರಾಮ್ ಬರೆಯುವುದಿದ್ದರೂ ಮೊದಲು ದೊಡ್ಡ ಹಾಳೆಯ ಮೇಲೆ ಬಾಣಗಳ ನಕ್ಷೆ, ಅಂದರೆ ಫ್ಲೋಚಾರ್ಟ್, ಬಿಡಿಸುತ್ತಿದ್ದ. ಅದಕ್ಕೇ ಆ ಅಡ್ಡಹೆಸರು. ಮಾಡಬೇಕಾದ ಕೆಲಸಕ್ಕೆ ಒಂದು ಚೌಕ, ಕೇಳಬೇಕಾದ ಪ್ರಶ್ನೆಗೆ ವಜ್ರದಾಕಾರ. ಆ ವಜ್ರದಿಂದ ಹೊರಟ ಒಂದು ಬಾಣದ ಮೇಲೆ 'ಹೌದು', ಇನ್ನೊಂದರ ಮೇಲೆ 'ಇಲ್ಲ'. ಬಾಣದ ಜಾಡು ಹಿಡಿದು ಬೆರಳಾಡಿಸಿದರೆ ಯಂತ್ರ ಏನು ಮಾಡುತ್ತದೆ ಎಂದು ಯಾರಿಗಾದರೂ ತಿಳಿಯಬೇಕು ಎಂಬುದು ಅವನ ಹಟ. ಇವತ್ತು ಆ ಹಟವೇ ಅವನ ಕುತ್ತಿಗೆಗೆ ಬಂದಿತ್ತು. ತಪ್ಪು ಎಲ್ಲಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಫೋನಿನಲ್ಲಿ ಉತ್ತರಿಸುವ ಆ ದನಿ ಹಲೋ ಮೇಡಂ ಅವರದು. ಮೊದಲು ಇಲ್ಲೇ ಟೆಲಿಫೋನ್ ಆಪರೇಟರ್ ಆಗಿದ್ದವರು. ಮೇಲಿನ ಜಲಾಶಯದ ಕಚೇರಿಗೆ ವರ್ಗವಾಗುವ ಮುನ್ನ ಬಾಣಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತು, ಬಾಣಗಳ ಮೇಲೆ ಪೆನ್ಸಿಲ್ ಆಡಿಸುತ್ತಾ, ಒಂದೊಂದೇ ವಾಕ್ಯ ರೆಕಾರ್ಡ್ ಮಾಡಿಕೊಟ್ಟಿದ್ದರು. ಒಂದು ವಾಕ್ಯ ಮುಗಿದ ಮೇಲೆ ಅವನ ಕಡೆ ತಿರುಗಿ, ನಕ್ಕು, "ಸರಿಯಾಯ್ತಾ?" ಎಂದು ಕೇಳಿದ್ದರು. ಅದೂ ರೆಕಾರ್ಡ್ ಆಗಿತ್ತು. ಅಳಿಸಬೇಕಾದದ್ದು. ಅವನು ಅಳಿಸಲಿಲ್ಲ.

ಆಕೆ ಹೋದ ಮೇಲೆ ಆ ಸ್ಟೂಲಿನ ಮೇಲೆ ಯಾರೋ ಫೈಲು ಪೇರಿಸಿದರು. ನಿನ್ನೆ ಸಂಜೆ ಎಲ್ಲರೂ ಹೊರಟ ಮೇಲೆ ಬಾಣಪ್ಪ ಆ ನಗುವನ್ನು ಕೇಳಿದ. ಮತ್ತೆ ಕೇಳಿದ. ಗಿರಾಕಿಗಳನ್ನು ವಿಚಾರಿಸಿಕೊಳ್ಳುವುದು ಕಚೇರಿಗೆ ಶೋಭೆ ಎಂದು ತನಗೆ ತಾನೇ ನೆಪ ಹೇಳಿಕೊಂಡು, ಫ್ಲೋಚಾರ್ಟಿನ ಕೊನೆಗೊಂದು ಹೊಸ ವಜ್ರ ಬರೆದು ಆ ಮಾತನ್ನು ಅದರೊಳಗಿಟ್ಟ. 'ಇಲ್ಲ' ಬಾಣ ಮೇಲಕ್ಕೆ, ಆಕೆ ನಮಸ್ಕಾರ ಹೇಳುವಲ್ಲಿಗೆ ಹೋಯಿತು. 'ಹೌದು' ಬಾಣ ಕೆಳಗೆ 'ಮುಕ್ತಾಯ'ಕ್ಕೆ ಹೋಗಬೇಕಿತ್ತು. ಪೆನ್ಸಿಲ್ ಹಿಡಿದ ಕೈ ಅತ್ತ ಹೋಗಲಿಲ್ಲ. ಮುಕ್ತಾಯ ನಾಳೆಯಾದರೂ ಆದೀತು ಎಂದು ಅದನ್ನೂ ಮೇಲಕ್ಕೇ ಹತ್ತಿಸಿ, ಹಾಗೇ ಪ್ರೋಗ್ರಾಮ್ ಬರೆದು ಮನೆಗೆ ಹೋಗಿದ್ದ.

ಈಗ ಜನರ ಗಲಾಟೆ ಕೇಳಿ ಕಚೇರಿಯ ಸಾಹೇಬರು ಆ ಹಾಳೆಯನ್ನು ಮೇಜಿನ ಮೇಲೆ ಹರಡಿಸಿದರು. ಬಾಣಪ್ಪ ತಟ್ಟನೆ ತನ್ನ ಚಹಾದ ಲೋಟವನ್ನು ಹೊಸ ವಜ್ರದ ಮೇಲಿಟ್ಟ.

ಬಿಲ್ಲು ಬರೆಯುವ ಬಿಲ್ಲಕ್ಕನ ಬೆರಳು ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಲೋಟದ ಹತ್ತಿರ ಬಂದು ನಿಂತಿತು. "ಇಲ್ಲೇ ಎಲ್ಲೋ ದಾರಿ ತಪ್ಪುತ್ತೆ ಸಾರ್."

"ನಮ್ಮ ಪೈಪಲ್ಲಾದ್ರೆ ಇಂಥ ಕಡೆ ಒಂದು ವಾಲ್ವ್ ಇಡ್ತೀವಿ," ಎಂದ ಪಂಪು ನಡೆಸುವ ಪಂಪಣ್ಣ. "ಇದಕ್ಕೆ ವಾಲ್ವೇ ಇಲ್ವಲ್ಲ ಮಾರಾಯ."

"ಆ ಲೋಟ ತೆಗೀರಿ," ಎಂದರು ಸಾಹೇಬರು.

"ಬಿಸಿ ಇದೆ ಸಾರ್."

"ಲೋಟ ಬಿಸಿ ಇದ್ರೆ ನಕ್ಷೆಗೇನ್ರೀ?"

ಬಾಣಪ್ಪನ ಬಾಯಿಂದ ಸುಳ್ಳೊಂದು ಜಾರಿತು. "ನಕ್ಷೆ ಸರಿಯಾಗಿದೆ ಸಾರ್. ದನೀಲಿ ದೋಷ. ಹೊಸದಾಗಿ ಹೇಳಿಸಬೇಕು."

"ಹಾಗಾದ್ರೆ ಕರೆಸಿ ಆಕೇನ." ಸಾಹೇಬರು ಆಗಲೇ ಜೀಪು ಕಳಿಸಿದರು.

ಬಾಣಪ್ಪನ ಎದೆ ಹಗುರಾಯಿತು. ಮುಖ ತೊಳೆದ, ತಲೆ ಬಾಚಿದ, ಸ್ಟೂಲಿನ ಮೇಲಿನ ಫೈಲು ಇಳಿಸಿ ಧೂಳು ಒರೆಸಿದ. ಆಕೆಯನ್ನು ಬೈಯಲು ಕರೆಸಿದ್ದಾರೆ ಎಂಬುದು ಹೊಳೆದದ್ದು ಆಕೆ ಬಾಗಿಲಲ್ಲಿ ಕಾಣಿಸಿಕೊಂಡಾಗಲೇ.

"ಏನಮ್ಮ, ಕಚೇರಿ ಫೋನಲ್ಲಿ ನಗೋದಾ?" ಎಂದರು ಸಾಹೇಬರು, ಜನರಿಗೆಲ್ಲ ಕೇಳುವ ಹಾಗೆ.

ಹಲೋ ಮೇಡಂ ಅವರ ಮುಖ ಇಳಿದುಹೋಯಿತು. "ತಪ್ಪು ನಂದು ಸಾರ್," ಎಂದ ಬಾಣಪ್ಪ. ಕೊಡಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಆಕೆ ಮೇಜಿನ ಬಳಿ ಬಂದು ಲೋಟ ಎತ್ತಿಟ್ಟರು. ಮೇಲಿನಿಂದ ಬಾಣಗಳ ಜಾಡು ಹಿಡಿದು ಇಳಿದ ಬೆರಳು ಹೊಸ ವಜ್ರದ ಮೇಲೆ ನಿಂತಿತು. ಒಳಗಿದ್ದ ಮಾತನ್ನು ಓದಿದರು. ಅದರಿಂದ ಹೊರಟ ಎರಡೂ ಬಾಣಗಳ ಮೇಲೆ ಬೆರಳಾಡಿಸಿದರು.

"ಇದನ್ನ ನಾನು ನಿಮ್ಮನ್ನ ಕೇಳಿದ್ದು," ಎಂದರು ಮೆಲ್ಲಗೆ. "ಊರವರನ್ನಲ್ಲ."

"ಗೊತ್ತು."

"ಮತ್ತೆ ಯಾಕೆ ಹಾಕಿದ್ರಿ?"

ಬಾಣಪ್ಪನ ಹತ್ತಿರ ಉತ್ತರವಿತ್ತು. ಹೇಳಲು ಒಂದು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಬಿಲ್ಲಕ್ಕ ಇಬ್ಬರ ನಡುವೆ ತಲೆ ತೂರಿಸಿ, "ಸಿಕ್ತೇನ್ರೀ ದಾರಿ?" ಎಂದಳು.

"ಸಿಕ್ತಕ್ಕ." ಆಕೆ ಪೆನ್ಸಿಲ್ ತೆಗೆದುಕೊಂಡು 'ಹೌದು' ಬಾಣವನ್ನು ಹೊಡೆದು ಹಾಕಿ, ಹೊಸ ಗೆರೆಯನ್ನು ನೇರ 'ಮುಕ್ತಾಯ'ಕ್ಕೆ ಎಳೆದರು. "ಕೈತಪ್ಪಿದೆ ಸಾರ್. ಯಾರಿಗಾದ್ರೂ ಆಗುತ್ತೆ." ಬಾಣಪ್ಪ ಪ್ರೋಗ್ರಾಮಿನಲ್ಲೂ ತಿದ್ದಿದ. ಅಜ್ಜಿಯ ಕೈಲಿ ಅಲ್ಲಿಂದಲೇ ಫೋನ್ ಮಾಡಿಸಿದರು. ಹೌದು ಒತ್ತಿದ ಕೂಡಲೇ ಕರೆ ಮುಗಿಯಿತು.

ಸಾಹೇಬರು ಹಿಗ್ಗಿದರು. "ನಿಮಗೆ ಈ ಬಾಣದ ವ್ಯವಹಾರ ಅರ್ಥ ಆಗುತ್ತೇನಮ್ಮ? ಇಲ್ಲಿಗೇ ಯಾಕೆ ಬರಬಾರದು?"

"ಬರೋಕೆ ಕೇಳ್ತಾನೇ ಇದ್ದೀನಿ ಸಾರ್. ಅಮ್ಮ ಇಲ್ಲಿ ಒಬ್ಬಳೇ. ಮತ್ತೆ…" ಆಕೆ ಬಾಣಪ್ಪನ ಕಡೆ ನೋಡಿ ಮಾತು ನಿಲ್ಲಿಸಿದರು.

ಆ "ಮತ್ತೆ"ಯನ್ನು ಹಿಡಿದುಕೊಂಡು ಬಾಣಪ್ಪ ಒಂದು ಗಳಿಗೆ ನೆಲ ಬಿಟ್ಟು ನಿಂತ.

"ಬನ್ನಿ, ಇವತ್ತೇ ಆದೇಶ," ಎಂದರು ಸಾಹೇಬರು. "ಖಾಲಿ ಹುದ್ದೆ ಇಲ್ಲ, ಆದ್ರೆ ಅದಲುಬದಲಿಗೆ ನನ್ನ ಸಹಿ ಸಾಕು. ನೀವು ಇವರ ಕುರ್ಚಿಗೆ. ಇವರು ನಾಳೆ ಬೆಳಿಗ್ಗೆ ಜಲಾಶಯದ ಕಚೇರೀಲಿ ಹಾಜರಾಗಲಿ."

ಪಂಪಣ್ಣ ಬೆನ್ನು ತಟ್ಟಿದ. "ಒಳ್ಳೆ ಗಾಳಿ ಕಣಯ್ಯ ಅಲ್ಲಿ."

ಹಲೋ ಮೇಡಂ ಬೇಡ ಎನ್ನಲು ಬಾಯಿ ತೆರೆದರು. ಕಚೇರಿಯ ಕಿಟಕಿಯಿಂದ ಕಾಣುವ ಅಮ್ಮನ ಬೀದಿಯತ್ತ ನೋಡಿ ಸುಮ್ಮನಾದರು. ಆಮೇಲೆ ಬಾಣಪ್ಪನ ಹತ್ತಿರ ಬಂದು, "ನಾನು ಸಾಮಾನು ತರೋಕೆ ಸಂಜೆ ಬಸ್ಸಿಗೆ ಹೋಗ್ತಿದ್ದೀನಿ. ನೀವೂ ಅದಕ್ಕೇ ಬನ್ನಿ. ದಾರೀಲಿ ಮಾತಾಡೋಣ," ಎಂದರು.

ಅಷ್ಟು ಸಾಕಿತ್ತು. ಊರಾಚೆಯ ರಸ್ತೆ, ಪಕ್ಕದ ಸೀಟು, ನಡುವೆ ಬಂದು ತಲೆ ತೂರಿಸಲು ಬಿಲ್ಲಕ್ಕನಿಲ್ಲ. ಬಾಣಪ್ಪ ಮನೆಗೋಡಿ, ಚೀಲ ತುಂಬಿಕೊಂಡು, ಹಾಳೆಗಳನ್ನು ಒಪ್ಪಿಸಲು ಕಚೇರಿಗೆ ಬಂದ. ಸಾಹೇಬರು ಕತ್ತಿಗೆ ಮಫ್ಲರ್ ಸುತ್ತಿಕೊಂಡು ಮೈಕಿನ ಮುಂದೆ ಕೂತಿದ್ದರು.

"ಆ ನಗುವ ದನಿ ಪೂರ್ತಿ ತೆಗೆದುಹಾಕೋಣ. ಕಚೇರಿಗೊಂದು ಗಾಂಭೀರ್ಯ ಬೇಡ್ವೇನ್ರೀ? ಇನ್ಮೇಲೆ ನನ್ನ ದನಿ. ಹೊರಡೋ ಮೊದಲು ರೆಕಾರ್ಡ್ ಮಾಡಿಬಿಡಿ."

"ಸಾರ್, ಬಸ್ಸು…"

"ಹೋಗುತ್ತೆ ಬಿಡಿ. ನಾಳೆ ಬೆಳಗಿನ ಜಾವಕ್ಕೂ ಒಂದಿದೆ."

ಬಾಣಪ್ಪ ಗುಂಡಿ ಒತ್ತಿದ. ಸಾಹೇಬರು ಕೆಮ್ಮಿದರು, ನಮಸ್ಕಾರ ಎಂದರು, ಮತ್ತೆ ಕೆಮ್ಮಿದರು. ಹೊರಗೆ ಬಸ್ಸು ಬಂದು ನಿಂತಿತು. ಹಲೋ ಮೇಡಂ ಹತ್ತಿ, ಕಿಟಕಿಯ ಪಕ್ಕ ಕೂತು, ಪಕ್ಕದ ಸೀಟಿನ ಮೇಲೆ ಕೈಚೀಲವಿಟ್ಟು ಕಚೇರಿಯ ಬಾಗಿಲನ್ನೇ ನೋಡುತ್ತಿದ್ದರು. ಬಸ್ಸು ಹೊರಟಾಗಲೂ ನೋಡುತ್ತಲೇ ಇದ್ದರು.

"ಈಗ ಹೇಳಿದ್ದರಲ್ಲಿ ಭಾವ ಕಡಿಮೆ ಅನ್ನಿಸ್ತು," ಎಂದರು ಸಾಹೇಬರು, ಮಫ್ಲರ್ ಸಡಿಲಿಸುತ್ತ. "ಇನ್ನೊಂದು ಸಲ ಹಾಕಿ."