ಕಬ್ಬಿನ್ ಗದ್ದೆ ಚಿರ್ತೆ, ದೊಡ್ಡವ್ವನ್ ಬೋನು

ಸರ್ಕಾರದೋರು ನಮ್ಮನ್ನ ಕಾಪಾಡ್ತೀವಿ ಅಂತ ಒಂಟ್ರೆ ಸಾಕು, ನಮ್ ಬೀದಿಗೆ ವಾರಕ್ಕಾಗೋವಷ್ಟು ನಗು ಸಿಕ್ತದೆ.

ಅಪಾಯ ಅಂದ್ರೇನು?

ಮದ್ದೂರಿಂದ ಮಳವಳ್ಳಿಗೋಗೋ ರಸ್ತೇಲಿ ನಮ್ಮೂರು. ಪಕ್ಕದ್ಮನೆ ದೊಡ್ಡವ್ವ ಒಂಟಿ ಎಂಗ್ಸು, ಒಂದು ಸೀಮೆ ಅಸ ಕಟ್ಕಂಡು ಜೀವ್ನ. ದಿನಾ ಬೆಳಿಗ್ಗೆ ಆರಕ್ಕೆ ಕಬ್ಬಿನ್ ಗದ್ದೆ ಪಕ್ದಲ್ಲೇ ಡೈರಿಗೆ ಆಲು ಒತ್ಕಂಡೋಗ್ಬೇಕು. ಆ ಗದ್ದೆಗೆ ಚಿರ್ತೆ ಸೇರ್ಕತು. ಬೋನು ಮಡ್ಗಿ ಅಂತ ಕೇಳಾಕೆ ನಾನೂ ದೊಡ್ಡವ್ವನೂ ಚಿರ್ತೆ ಇಡಿಯೋ ಪಾರೆಸ್ಟ್ನೋರ ಆಪೀಸ್ಗೆ ಓದೋ.

ಸಾಹೇಬ್ರು ದೊಡ್ಡವ್ವನ್ನ ಕೇಳುದ್ರು, "ಮೈಮೇಲೆ ಬಿತ್ತಾ?"

"ಇಲ್ಲ ಸಾ. ಬದಿನ್ ಮ್ಯಾಲೆ ಕೂತ್ಕಂಡು ನನ್ನೇ ನೋಡ್ತಿತ್ತು."

"ನೋಡಿದ್ರೆ ಅಪಾಯ ಅಲ್ಲ ಕಣಮ್ಮ, ಅದು ಬರೀ ಸಂಚಾರ. ರೂಲ್ಸ್ ಹಂಗಿದೆ. ಮೈಮೇಲೆ ಬಿದ್ರೆ ಅರ್ಜಿ ಕೊಡು."

ದೊಡ್ಡವ್ವ ಅಂದ್ಲು, "ಅಂಗಾರೆ ಅರ್ಜಿಗೆ ಎಬ್ಬೆಟ್ಟು ಈಗ್ಲೇ ಒತ್ಬುಟ್ಟು ಓಯ್ತೀನಿ ಸಾ. ಆಮ್ಯಾಕೆ ಕೈ ಉಳಿತದೋ ಇಲ್ವೋ!"

ಮೆತ್ಗೆ ಕಿರುಚಿ

ಆಮ್ಯಾಕೆ ಆ ಆಪೀಸ್ನೋರೇ ಮನೆಮನೆಗೆ ಒಂದ್ ಚೀಟಿ ಅಂಚುದ್ರು. ಗುಂಪಲ್ಲೋಗಿ, ಜೋರಾಗಿ ಸದ್ದು ಮಾಡ್ಕಂಡೋಗಿ ಅಂತ. ಸರಿ, ಆರು ಜನ ಎಂಗುಸ್ರು ತಟ್ಟೆ ಬಡ್ಕಂಡು ಡೈರಿಗೆ ಒಂಟೋ. ನನ್ ಗಂಟ್ಲಂತೂ ಊರ್ಗೇ ಗೊತ್ತು. ನಾಕ್ನೇ ದಿನ ಪೊಲೀಸಪ್ಪ ಬಂದ.

"ಜನ್ರ ನಿದ್ದೆ ಕೆಡಿಸ್ತಿದ್ದೀರಂತೆ. ಕಂಪ್ಲೇಂಟ್ ಬಂದೈತೆ."

ನಾನು ಚೀಟಿ ತೋರುಸ್ದೆ. ಓದಿ ತಲೆ ಕೆರ್ಕಂಡ. "ಇದು ಅವ್ರ ಇಲಾಖೆದು. ನಾವು ಶಾಂತಿ ಕಾಪಾಡೋರು. ಒಂದ್ ಕೆಲ್ಸ ಮಾಡಿ, ಮೆತ್ಗೆ ಕಿರುಚಿ."

ನಾನು ಬುಡ್ತೀನಾ? "ಮೆತ್ಗೆ ಬರೋದು ಚಿರ್ತೆ ಸಾ. ಅದ್ಕೇ ಅದ್ರ ಮ್ಯಾಲೆ ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ!"

ಕಾವ್ಲಿಗೆ ಬಂದೋರು

ತಿರ್ಗಾ ಓಗಿ ಬೋನು ಕೇಳುದ್ರೆ ಸಾಹೇಬ್ರು ಒಬ್ರು ಗಾರ್ಡ್ನ ಕಳ್ಸುದ್ರು. ರಿಟೈರಾಗಕೆ ಆರೇ ತಿಂಗ್ಳೈತೆ, ಮೊಣಕಾಲ್ ನೋವು, ಕೈಲೊಂದು ಬೆತ್ತ. ಪಾಪ, ಬೈಯಾಕೂ ಮನ್ಸು ಬರ್ನಿಲ್ಲ. ದೊಡ್ಡವ್ವ ಕಾಪಿ ಕುಡ್ಸಿ ಕರ್ಕಂಡ್ ಒಂಟ್ಲು. ನಾನೂ ಇಂದೆ ಓದೆ.

ಗದ್ದೆ ತಿರುವಲ್ಲಿ ಎದುರ್ಗೇ ಚಿರ್ತೆ! ಗಾರ್ಡಪ್ಪ ದೊಡ್ಡವ್ವನ್ ಸೆರಗಿಡ್ಕಂಡು ಅವಳ್ ಇಂದೆ ಬಚ್ಚಿಟ್ಕಂಡ್ರು. ಅವ್ರ್ ಇಂದೆ ನಾನು. ಸುಳ್ಳ್ಯಾಕೆ ಯೋಳ್ಳಿ? ದೊಡ್ಡವ್ವ ಕ್ಯಾನಿನ್ ಮುಚ್ಳ ಬಡ್ದು, "ಥೂ, ನಿನ್ ಮನೆ ಆಳಾಗ, ಓಗ್ಲಾ!" ಅಂತ ಗದ್ರುಸುದ್ಲು. ಚಿರ್ತೆ ಕಬ್ಬೊಳಗೆ ಮಾಯ.

ಗಾರ್ಡಪ್ಪ ಸೆರಗು ಬುಡ್ದಂಗೇ ಸಾಹೇಬ್ರಿಗೆ ಪೋನ್ ಮಾಡುದ್ರು. ಅರ್ಧ ಗಂಟೆಗೆ ಸಾಹೇಬ್ರ ಜೀಪು ಬಂತು. ಇಳಿತಿದ್ದಂಗೇ, "ರಕ್ಷಣೆ ಸರಿಯಾಗಿ ಸಿಕ್ತೇನಮ್ಮ?" ಅಂದ್ರು.

"ಸಿಕ್ತು ಸಾ. ಈ ಗಾರ್ಡಪ್ಪನ್ ಎಂಡ್ರುಗೆ ಪೋನ್ ಮಾಡಿ ಯೋಳಿ, ಉಸಾರಾಗವ್ರೆ ಅಂತ" ಅಂದ್ಲು ದೊಡ್ಡವ್ವ.

ಸಾಹೇಬ್ರು ಗಾರ್ಡಪ್ಪನ್ ಮಖ ನೋಡುದ್ರು. ಅವತ್ತೇ ಸಂಜೆಗೆ ಟ್ರ್ಯಾಕ್ಟ್ರಲ್ಲಿ ಬೋನು ಬಂತು! "ನಮ್ ಸಿಬ್ಬಂದಿ ಜೀವಕ್ಕೇ ಅಪಾಯ ಆಗಿದೆ, ತಡ ಮಾಡಂಗಿಲ್ಲ" ಅಂದ್ರು ಸಾಹೇಬ್ರು.

ದೊಡ್ಡವ್ವ ಗಾರ್ಡಪ್ಪನ್ ಕಡೆ ತಿರ್ಗಿ ಅಂದ್ಲು, "ಅಯ್ಯೋ ನಮ್ಮಪ್ಪ, ನೀವೊಂದು ತಿಂಗ್ಳು ಮುಂಚೇನೇ ಬಂದು ಎದ್ರುಕಂಡಿದ್ರೆ ಬೋನು ಯಾವತ್ತೋ ಬತ್ತಿತ್ತಲ್ಲ!"