ನನ್ನ ಮಗಳೊಂದು ಅಡಚಣೆ

ನಾನು ನಿಯಮಗಳ ಮೇಲೆ ಸಿಟ್ಟಾಗುವವನಲ್ಲ. ಮುಂಬಯಿಯಲ್ಲಿ ರಸ್ತೆ ಕಟ್ಟಿಸುವ ಸರಕಾರಿ ಕಚೇರಿಯೊಂದರಲ್ಲಿ ಹನ್ನೆರಡು ವರ್ಷದಿಂದ ಗುಮಾಸ್ತನಾಗಿರುವವನಿಗೆ ಆ ಹಕ್ಕೂ ಇಲ್ಲ. ಮನೆಯ ಹಿರಿಯರಿಗೆ ಹೇಗೋ ಹಾಗೆ, ನಿಯಮಕ್ಕೂ ಎದುರಾಡದೆ ಬದುಕಿದವನು ನಾನು. ಅದರಿಂದ ಆಗುವ ತೊಂದರೆಯೆಲ್ಲ ಇದುವರೆಗೆ ಬೇರೆಯವರಿಗೇ ಆಗುತ್ತಿದ್ದುದರಿಂದ ನನ್ನ ತಾಳ್ಮೆಗೆ ಒಳ್ಳೆಯ ಹೆಸರಿತ್ತು. ಈಗ ಮಾತ್ರ ನಿಯಮ ಎಂದರೆ ಮೈ ಉರಿಯುತ್ತದೆ.

ನಾವಿರುವುದು ಸಯನ್‌ನಲ್ಲಿ. ಎಂಟು ವರ್ಷದ ಮಗಳು ಸುಧಾ ವಡಾಲದ ಕಡೆಗೆ ಹತ್ತು ನಿಮಿಷ ನಡೆದು ಕನ್ನಡ ಶಾಲೆಗೆ ಹೋಗುತ್ತಿದ್ದಳು. ದಾರಿಯ ಒಂದು ಬದಿಗೆ ಗೋದಾಮಿನ ಗೋಡೆ, ಇನ್ನೊಂದು ಬದಿಗೆ ಎರಡು ಮೊಳ ಅಗಲದ ಮಣ್ಣು, ಅದರಾಚೆ ಗಟಾರ. ನಡುವೆ ಬಂದರಿನ ಲಾರಿಗಳು. ಫುಟ್‌ಪಾಥ್ ಇಲ್ಲ. ಒಂದು ದಿನ ಲಾರಿಯಿಂದ ಜೋತುಬಿದ್ದಿದ್ದ ಹಗ್ಗ ಮಗುವಿನ ಚೀಲಕ್ಕೆ ಸಿಕ್ಕಿ ಅವಳನ್ನು ನಾಲ್ಕು ಹೆಜ್ಜೆ ಎಳೆದುಕೊಂಡು ಹೋಯಿತು. ಚೀಲದ ಪಟ್ಟಿ ಹರಿದದ್ದರಿಂದ ಮಗು ಉಳಿಯಿತು. ಆ ಸಂಜೆ ಹೆಂಡತಿ ಶಾರದೆ ಅತ್ತು ಮುಗಿಸಿ, “ಫುಟ್‌ಪಾಥ್ ಮಾಡಿಸ್ಲಿಕ್ಕೆ ನಿಮ್ಮಿಂದ ಆಗ್ತದಾ? ಆಗದಿದ್ರೆ ಹೇಳಿ, ಜೂನ್‌ನಿಂದ ಬಿಲ್ಡಿಂಗಿನ ಹಿಂದಿನ ಇಂಗ್ಲಿಷ್ ಶಾಲೆಗೆ ಹಾಕ್ತೇನೆ. ಕನ್ನಡ ಬಾರದಿದ್ರೂ ಅಡ್ಡಿಯಿಲ್ಲ, ಮಗಳು ಮನೆಗೆ ಬಂದ್ರೆ ಸಾಕು” ಎಂದಳು. ಮಕ್ಕಳನ್ನು ಕನ್ನಡ ಶಾಲೆಗೇ ಕಳಿಸಿ ಎಂದು ನಮ್ಮ ಕನ್ನಡ ಸಂಘದಲ್ಲಿ ಮೇಜು ಗುದ್ದಿ ಭಾಷಣ ಮಾಡುವವನು ನಾನು. ನನ್ನ ಸ್ಥಿತಿ ನೀವೇ ಊಹಿಸಿ.

ಮರುದಿನ ಮೇಲಧಿಕಾರಿ ಸಾಠೆ ಸಾಹೇಬರ ಮುಂದೆ ನಿಂತೆ. ಅವರು ಫೈಲು ತರಿಸಿದರು. ಆ ರಸ್ತೆಯ ಓಡಾಟವನ್ನು ಹಿಂದೆಯೇ ಎಣಿಸಿಯಾಗಿತ್ತು. ಲಾರಿ ಇಷ್ಟು, ಟ್ಯಾಕ್ಸಿ ಇಷ್ಟು, ಸೈಕಲ್ ಇಷ್ಟು. ಫುಟ್‌ಪಾಥಿನ ಮೇಲೆ ನಡೆಯುವವರು ಸೊನ್ನೆ. ತಾಸಿಗೆ ಇಷ್ಟು ಜನ ನಡೆಯುತ್ತಾರೆ ಎಂದು ತೋರಿಸದೆ ಫುಟ್‌ಪಾಥಿಗೆ ಹಣವಿಲ್ಲ. “ಅಲ್ಲಿ ಫುಟ್‌ಪಾಥೇ ಇಲ್ಲವಲ್ಲ ಸಾಹೇಬರೆ” ಎಂದೆ. “ಅದಕ್ಕೇ ಸೊನ್ನೆ” ಎಂದರು, ಮರಾಠಿಯಲ್ಲಿ, ಬಹಳ ಮೃದುವಾಗಿ. ರಸ್ತೆಯ ಮೇಲೆ ನಡೆಯುವವರನ್ನು ‘ಸಂಚಾರಕ್ಕೆ ಅಡಚಣೆ’ ಎಂಬಲ್ಲಿ ಬರೆಯುತ್ತಾರಂತೆ. ಎಮ್ಮೆ, ಕೆಟ್ಟು ನಿಂತ ಟೆಂಪೊ, ನನ್ನ ಸುಧಾ ಎಲ್ಲ ಒಂದೇ ಸಾಲಿನಲ್ಲಿ. ಸೈಕಲ್ಲಾದರೋ ವಾಹನ, ಅದಕ್ಕೆ ರಸ್ತೆ ಕೊಟ್ಟೇ ಆಗಿದೆ. ಕುರ್ಲಾದಿಂದ ಸೈಕಲ್ಲಿನಲ್ಲಿ ಬರುವ ನಮ್ಮ ಸಂಘದ, ವಿಜಾಪುರ ಕಡೆಯ ಗೌಂಡಿ ಶಿವಪ್ಪ ಹಾಗೆ ಕೊಟ್ಟ ರಸ್ತೆಯಿಂದ ಎರಡು ಸಲ ಗಟಾರಕ್ಕೆ ಬಿದ್ದೆದ್ದಿದ್ದಾನೆ. ಈ ನಿಯಮ ಬರೆದ ಪುಣ್ಯಾತ್ಮ ಹುಟ್ಟಿದಾಗಿನಿಂದ ನೆಲಕ್ಕೆ ಕಾಲಿಟ್ಟವನಲ್ಲ. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಸಾಹೇಬರ ಕೈಕಾಲು ಹಿಡಿದೆ. ಅವರು ಕರಗಿ, ಬುಧವಾರ ಮತ್ತೊಮ್ಮೆ ಎಣಿಸಲು, ಆ ಮಣ್ಣಿನ ಮೇಲೆ ನಡೆದವರನ್ನು ನಡೆಯುವವರೆಂದೇ ಹಿಡಿಯಲು ಒಪ್ಪಿದರು.

ಸಂಘದವರಿಗೆ ಹೇಳಿದೆ: ಬುಧವಾರ ಒಂಬತ್ತರಿಂದ ಹತ್ತರವರೆಗೆ ಮಣ್ಣಿನ ಮೇಲೆ ನಡೆಯಿರಿ, ಅಷ್ಟೆ. “ಅದೆಂಥ ದೊಡ್ಡ ಸಂಗತಿ ಮಾರಾಯ್ರೆ, ಹೋಟೆಲಿನವರನ್ನೆಲ್ಲ ಕರ್ಕೊಂಡು ಬರ್ತೇನೆ” ಎಂದರು ಸಂಘದ ಅಧ್ಯಕ್ಷರಾದ ಹೋಟೆಲಿನ ಶೀನ ಶೆಟ್ಟರು. “ನಮ್ಮ ಮಂದೀನೂ ಬರ್ತಾರ್ರೀ” ಎಂದ ಶಿವಪ್ಪ. ಬಂದರು ಕೂಡ. ಆದರೆ ಮುಂಬಯಿ ಕನ್ನಡಿಗರಿಗೆ ಒಟ್ಟಾಗಿ ನಡೆಯಲು ಬರುವುದು ಒಂದೇ ರೀತಿ, ರಾಜ್ಯೋತ್ಸವದ ಮೆರವಣಿಗೆ. ಶೆಟ್ಟರು ಹಾರ ಹಾಕಿಕೊಂಡೇ ಬಂದಿದ್ದರು, ಹಿಂದೆ ಬ್ಯಾನರು. ಶಿವಪ್ಪನ ಕಡೆಯವರು ಡೊಳ್ಳು ತಂದಿದ್ದರು. ನಾಲ್ಕು ನಾಲ್ಕು ಜನರ ಸಾಲು ಎರಡು ಮೊಳದಲ್ಲಿ ಹಿಡಿಸೀತೆ? ಎಲ್ಲರೂ ನಡುರಸ್ತೆಗೆ ಇಳಿದರು. ನಾನು ಹಿಂದಕ್ಕೂ ಮುಂದಕ್ಕೂ ಓಡುತ್ತ ಬದಿಗೆ ಬನ್ನಿ ಎಂದು ಬೇಡಿಕೊಂಡೆ. “ಮೆರವಣಿಗ್ಯಾಗ ಬದೀಗೆ ಯಾಂವ ನಡೀತಾನ್ರೀ ರಾಯರ?” ಎಂದ ಶಿವಪ್ಪ, ಡೊಳ್ಳು ನಿಲ್ಲಿಸದೆ. ಒಂದು ತಾಸು ಲಾರಿಗಳು ನಿಂತಲ್ಲೇ ನಿಂತವು. ಅಷ್ಟರಲ್ಲಿ ಬ್ಯಾನರಿನ ಒಂದು ಕೋಲನ್ನು ಯಾರೋ ನನ್ನ ಕೈಗೆ ಕೊಟ್ಟಿದ್ದರು. ಅದನ್ನು ಹಿಡಿದಾಗ ನನ್ನ ಎದೆಯೂ ಉಬ್ಬಿತು, ಸುಳ್ಳೇಕೆ ಹೇಳಲಿ.

ವರದಿ ಬಂತು. ಮೆರವಣಿಗೆ ಒಂದು, ನಡೆಯುವವರು ಸೊನ್ನೆ, ಅಡಚಣೆ ವಿಪರೀತ. ಅಡಚಣೆ ವಿಪರೀತವಾದರೆ ರಸ್ತೆ ಅಗಲ ಮಾಡಲು ಬೇರೆಯೇ ಹಣವಿರುತ್ತದೆ; ಫುಟ್‌ಪಾಥಿಗೆ ವರ್ಷಗಟ್ಟಲೆ ಹುಟ್ಟದ ಹಣ ಅದಕ್ಕೆ ಎರಡೇ ವಾರದಲ್ಲಿ ಹುಟ್ಟಿತು. ಮಳೆಗಾಲದೊಳಗೆ ಗಟಾರದ ಅಂಚಿನವರೆಗೂ ಡಾಂಬರು ಬಿದ್ದು, ಇದ್ದ ಎರಡು ಮೊಳ ಮಣ್ಣೂ ಹೋಯಿತು. ಇದನ್ನು ಮಾಡಿದವರನ್ನು ನಾನು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ಬಯ್ಯುತ್ತೇನೆ. ಮಂಜೂರಾತಿಯ ಟಿಪ್ಪಣಿ ಬರೆದವನು ಯಾರೆಂದು ಶಾರದೆಗೆ ಇನ್ನೂ ಹೇಳಿಲ್ಲ. ಕರಡು ಬರೆಯುವುದರಲ್ಲಿ ಕಚೇರಿಯಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದು ಸಾಹೇಬರು ಫೈಲನ್ನು ನನ್ನ ಮೇಜಿಗೇ ಕಳಿಸಿದ್ದರು. ಹಲ್ಲು ಕಚ್ಚಿಕೊಂಡೇ ಬರೆದೆ. ಆದರೂ ‘ಈ ರಸ್ತೆಯಲ್ಲಿ ನಡೆಯುವವರೇ ಇಲ್ಲದ ಕಾರಣ ಯಾರಿಗೂ ತೊಂದರೆಯಾಗದು’ ಎಂಬ ಕೊನೆಯ ವಾಕ್ಯ ಎಷ್ಟು ಚೆನ್ನಾಗಿ ಬಂತೆಂದರೆ, ಸಾಹೇಬರು ಅದನ್ನು ಎರಡು ಸಲ ಓದಿ ನನ್ನ ಬೆನ್ನು ತಟ್ಟಿದರು. ಆಗ ಅದು ಶುದ್ಧ ಸುಳ್ಳಾಗಿತ್ತು. ಜೂನ್‌ನಲ್ಲಿ ಸುಧಾ ಇಂಗ್ಲಿಷ್ ಶಾಲೆಗೆ ಸೇರಿದಳು. ನಮ್ಮ ಮನೆಯ ಮಟ್ಟಿಗೆ ಈಗ ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.