ಬದಲಿ ಬರುವ ತನಕ

ಆ ಮಧ್ಯಾಹ್ನ ಬಾಯ್ಲರ್ ಮನೆಯಲ್ಲಿ ಇದ್ದವರು ಮೂವರು: ನಾನು, ಕಲ್ಲಪ್ಪ ಮತ್ತು ಬಾಯ್ಲರ್. ಮೂವರಲ್ಲಿ ಹಟಮಾರಿ ಬಾಯ್ಲರೇ. ದಾಂಡೇಲಿಯ ನಮ್ಮ ಸಣ್ಣ ರಟ್ಟಿನ ಕಾರ್ಖಾನೆಯಲ್ಲಿ ಉಳಿದ ಯಂತ್ರಗಳನ್ನು ನಿಲ್ಲಿಸಬಹುದು, ಬೈಯಬಹುದು. ಬಾಯ್ಲರನ್ನು ಮಾತ್ರ ಸರ್ಟಿಫಿಕೇಟು ಇದ್ದವನು ಸರ್ಟಿಫಿಕೇಟು ಇದ್ದವನ ಕೈಗೇ ಒಪ್ಪಿಸಬೇಕು, ಎಳೆಗೂಸನ್ನು ಒಪ್ಪಿಸಿದಂತೆ. ಬದಲಿ ಬರುವ ತನಕ ಇದ್ದವನು ಅಲ್ಲಾಡುವಂತಿಲ್ಲ. ಆ ಬದಲಿಯನ್ನು ಹುಡುಕಿ ತರುವುದು ಮೇಲ್ವಿಚಾರಕನಾದ ನನ್ನ ಕೆಲಸ.

ಈ ಕೆಲಸ ಮಾಡಿ ಮಾಡಿ ನನ್ನ ಒಳ್ಳೆಯ ಮಾತಿಗೇ ಊರಲ್ಲಿ ಬೆಲೆ ಇಲ್ಲದಂತಾಗಿದೆ. ಫೋನು ಮಾಡಿ "ಊಟ ಆತೇನಪಾ?" ಅಂದರೆ ಸಾಕು, ಆ ಕಡೆಯವರಿಗೆ ಜ್ವರ ಬರುತ್ತದೆ. ಸಂತೆಯಲ್ಲಿ ಎದುರಾದವನನ್ನು ಬದನೆಕಾಯಿ ಹೇಗಿವೆ ಎಂದು ಕೇಳಿದರೂ "ಸಾಹೇಬ್ರ, ನಾಳೆ ಮಾತ್ರ ಆಗೂದಿಲ್ಲ ನೋಡ್ರಿ" ಎನ್ನುತ್ತಾನೆ.

ಅಂದು ಎರಡನೇ ಪಾಳಿಗೆ ಬರಬೇಕಾದ ಮಾರುತಿ ಜೋಯಿಡಾ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಕಾಲು ಉಳುಕಿಸಿಕೊಂಡಿದ್ದ. ರಾತ್ರಿ ಪಾಳಿಯ ಯಲ್ಲಪ್ಪನಿಗೆ ಫೋನು ಹಚ್ಚಿದೆ. ಎತ್ತಿದವಳು ಹೆಂಡತಿ. "ಅವರು ಮನ್ಯಾಗಿಲ್ರಿ," ಎಂದಳು. ಹಿಂದಿನಿಂದ ಯಲ್ಲಪ್ಪನ ದನಿಯೇ ಕೇಳಿತು: "ಹಳಿಯಾಳಕ್ಕ ಹೋಗ್ಯಾರಂತ ಹೇಳು!"

"ಹಳಿಯಾಳಕ್ಕ ಹೋಗ್ಯಾರಂತ ಹೇಳು ಅನ್ನಾಕತ್ತಾರ್ರಿ," ಎಂದಳು ಆ ಪ್ರಾಮಾಣಿಕ ಹೆಂಗಸು. ರಾತ್ರಿಯೆಲ್ಲ ದುಡಿದವನನ್ನು ಮತ್ತೆ ಎಬ್ಬಿಸಲು ಮನಸ್ಸಾಗದೆ ಫೋನಿಟ್ಟೆ.

ಉಳಿದವನು ಕಲ್ಲಪ್ಪ. ಬೆಳಗಿನ ಪಾಳಿ ಮುಗಿಸಿ, ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದ. ಮಗಳು ಗಿರಿಜಾಳನ್ನು ನೋಡಲು ಮುಂಡಗೋಡದಿಂದ ಗಂಡಿನವರು ಬರುವವರಿದ್ದರು. ಹಿಂದೊಂದು ಸಂಬಂಧ ಹೀಗೇ ತಪ್ಪಿತ್ತು. ತಂದೆ ಪಾಳಿಯಲ್ಲಿ ಸಿಕ್ಕಿಬಿದ್ದ. ಬಂದವರು ತಮಗೆ ಮರ್ಯಾದೆ ಸಿಗಲಿಲ್ಲವೆಂದು ಉಪ್ಪಿಟ್ಟನ್ನೂ ಮುಟ್ಟದೆ ಎದ್ದು ಹೋಗಿದ್ದರು.

"ಕಲ್ಲಪ್ಪಾ, ಊಟ ಆತೇನು?" ಎಂದೆ.

"ಬ್ಯಾಡ್ರಿ ಸಾಹೇಬ್ರ," ಎಂದ. ಅಷ್ಟೇ.

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಒಲೆಯ ಮುಂದೆ ಕುಂತವಳಿಗೆ ಹಬ್ಬ ಯಾವುದೆಂದು ತಿಳಿಯುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆದರೆ ಅವಳನ್ನು ಅಲ್ಲಿ ಕೂರಿಸಿದವರಿಗೆ ಚೆನ್ನಾಗಿ ತಿಳಿದಿರುತ್ತದೆ. ಹಬ್ಬದ ದಿನವೇ ತಾನೆ ಅವರು ಕೂರಿಸುವುದು.

ಅಷ್ಟರಲ್ಲಿ ಕಲ್ಲಪ್ಪನ ಹೆಂಡತಿ ಶಾಂತವ್ವನ ಫೋನು, ನನಗೇ. "ಅಣ್ಣಾರ, ಅವರು ಹೊಂಟ್ರೇನ್ರಿ? ಗಂಡಿನಾರು ಬಸ್ ಇಳದ್ರಂತ."

"ಬದಲಿ ಮನಷಾ ಸಿಗವಲ್ಲ ತಂಗಿ."

"ನೀವ ಅದೀರೆಲ್ರಿ? ಇವರಿಗೆ ಬಾಯ್ಲರ್ ಕಲಿಸಿದವ್ರ ನೀವಂತ?"

ಕಲ್ಲಪ್ಪನ ಕಡೆ ನೋಡಿದೆ. ಅವನು ಒತ್ತಡದ ಮುಳ್ಳನ್ನು ನೋಡುತ್ತಿದ್ದ, ಆ ಮಾತನ್ನು ಅದೇ ಆಡಿತೇನೋ ಎಂಬಂತೆ.

"ಇಷ್ಟೊತ್ತು ಯಾಕ ಹೇಳಲಿಲ್ಲೋ?"

"ಹೆಂಗ ಹೇಳ್ಲಿರೀ? ಸಾಹೇಬ್ರಿಗೆ ಪಾಳಿಗೆ ಬರ್ರಿ ಅನ್ನೂ ಪದ್ಧತಿ ಎಲ್ಲೈತ್ರಿ?"

ನಿಜ. ಊರೆಲ್ಲ ಫೋನು ಹಚ್ಚಿದವನಿಗೆ ತನ್ನ ಹೆಸರೊಂದು ನೆನಪಾಗಿರಲಿಲ್ಲ. ನನ್ನ ಸರ್ಟಿಫಿಕೇಟು ಮನೆಯ ಪಡಸಾಲೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಸುಖವಾಗಿ ನಿವೃತ್ತಿಯಾಗಿತ್ತು. ಕಲ್ಲಪ್ಪನನ್ನು ಕಳಿಸಿ, ನನ್ನ ಹೆಂಡತಿಗೆ ಫೋನು ಮಾಡಿ ಮೆತ್ತಗೆ "ಊಟ ಆತೇನು?" ಎಂದೆ. "ಎಷ್ಟೊತ್ತಿಗೆ ಬರ್ತೀರಿ, ಅಷ್ಟ ಹೇಳ್ರಿ," ಎಂದಳು.

ಮರುದಿನ ಕಲ್ಲಪ್ಪ ಹೇಳಿದ. ಗಿರಿಜಾ ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆಯಂತೆ: "ನಿಮ್ದೂ ಪಾಳಿ ಕೆಲಸೇನ್ರಿ?" ಅವನು, "ಅಲ್ರಿ, ಟಿಬೆಟನ್ ಕಾಲೊನಿ ಹತ್ರ ಸ್ವಂತ ಅಂಗಡಿ ಐತಿ. ಬೇಕಾದಾಗ ಬಾಗಲಾ ಹಾಕ್ತೇನಿ" ಎಂದನಂತೆ. ಹುಡುಗಿ ಅಲ್ಲೇ ಒಪ್ಪಿದಳು.

ಮದುವೆ ಮುಂಡಗೋಡದಲ್ಲಿ ಆಯಿತು. ಯಲ್ಲಪ್ಪ, ಕುಂಟುತ್ತ ಮಾರುತಿ, ನನ್ನ ಹೆಂಡತಿ ಎಲ್ಲರೂ ವ್ಯಾನು ಮಾಡಿಕೊಂಡು ಹೋದರು. ಕಲ್ಲಪ್ಪನ ಪಾಳಿಗೂ ಮಾರುತಿಯ ಪಾಳಿಗೂ ನಾನೇ ನಿಂತೆ. ಸಂಜೆ ಡಬ್ಬಿಯಲ್ಲಿ ಹೋಳಿಗೆ ಬಂತು. ಒಂದು ಕಣ್ಣು ಬಾಯ್ಲರಿನ ಮೇಲಿಟ್ಟು ತಿಂದೆ.